ಹಳೇ ಹೈ-ಎಂಡ್ ಪ್ರೊಸೆಸರ್ ತಗೊಳ್ಳಲಾ, ಹೊಸ ರಿಸೀವರ್ ತಗೊಳ್ಳಲಾ?

ಪ್ರಶ್ನೆ: "ಸರ್, ಸೆಕೆಂಡ್ ಹ್ಯಾಂಡಲ್ಲಿ ಒಂದು ಹಳೇ ಹೈ-ಎಂಡ್ ಎವಿ ಪ್ರೊಸೆಸರ್ ಸಿಗ್ತಿದೆ. ಹೊಸದಿದ್ದಾಗ ಲಕ್ಷಗಟ್ಟಲೆ ಇತ್ತಂತೆ. ಈಗ ಒಂದು ಹೊಸ ರಿಸೀವರ್ ಬೆಲೆಗೇ ಕೊಡ್ತಾರಂತೆ. ಎರಡರಲ್ಲಿ ಯಾವುದು ತಗೊಳ್ಳಲಿ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮಾಡೆಲ್ ಹೆಸರು ಬದಲಾಗುತ್ತದೆ, ಪ್ರಶ್ನೆ ಅದೇ ಇರುತ್ತದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದಿಲ್ಲ. ಸಿನಿಮಾ ನೋಡುವುದಕ್ಕೆ ಅಂತಾದರೆ ಹೊಸದು ತಗೊಳ್ಳಿ. ಗೊತ್ತಿಲ್ಲದವರಿಗೆ ಒಂದು ಮಾತು: ಎವಿ ಪ್ರೊಸೆಸರ್ ಎಂದರೆ ಸಿನಿಮಾದ ಸೌಂಡು, ಚಿತ್ರ ಎರಡನ್ನೂ ಸಂಭಾಳಿಸುವ ಪೆಟ್ಟಿಗೆ. ಸ್ಪೀಕರ್ ಓಡಿಸುವ ಪವರ್ ಆಂಪ್ ಅದಕ್ಕೆ ಬೇರೆ ಬೇಕು. ರಿಸೀವರ್ ಎಂದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ.

ಕನೆಕ್ಷನ್ ವಿಷಯ ಬೇಗ ಮುಗಿಸುತ್ತೇನೆ. ಅದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ. 2008ರ ಡೆನಾನ್ ಎವಿಪಿ-ಎ1ಎಚ್‌ಡಿ ತಗೊಳ್ಳಿ. ಆಗ ಅಮೆರಿಕದಲ್ಲಿ ಅದಕ್ಕೆ 7,500 ಡಾಲರ್. ತೂಕ 25 ಕೆಜಿ ದಾಟುತ್ತದೆ. ಅದರೊಳಗೆ ಇರುವುದು ಎಚ್‌ಡಿಎಂಐ 1.3. ಇವತ್ತಿನ 4ಕೆ ಸಿನಿಮಾಗಳಿಗೆ ನಕಲು ತಡೆಯಲು ಹಾಕಿರುವ ಎಚ್‌ಡಿಸಿಪಿ 2.2 ಬೀಗಕ್ಕೆ ಅದರ ಹತ್ತಿರ ಕೀಲಿ ಇಲ್ಲ. 4ಕೆ ಬಾಕ್ಸನ್ನು ಅದರ ಮೂಲಕ ಟಿವಿಗೆ ಕೊಟ್ಟರೆ ಚಿತ್ರ 1080ಕ್ಕೆ ಇಳಿಯುತ್ತದೆ, ಇಲ್ಲಾ ಪರದೆ ಕಪ್ಪಾಗುತ್ತದೆ. ಸದ್ದು ತಲೆಯ ಮೇಲಿಂದಲೂ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಮನೆಗಳಿಗೆ ಬಂದಿದ್ದೇ 2014ರಲ್ಲಿ, ಹಾಗಾಗಿ ಅದೂ ಇಲ್ಲ. ಟಿವಿಯಿಂದ ಪೂರ್ತಿ ಗುಣಮಟ್ಟದ ಸೌಂಡನ್ನು ವಾಪಸ್ ತರುವ ಇ-ಎಆರ್‌ಸಿ ಬಂದಿದ್ದು 2017ರ ಎಚ್‌ಡಿಎಂಐ 2.1ರ ಜೊತೆ. ಅದೂ ಇಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ. "ಅಟ್ಮಾಸ್ ಇಲ್ಲದಿದ್ದರೆ ಬೇಡ ಬಿಡಿ ಸರ್, ಹಳೇದರ ಡ್ಯಾಕ್ ಚೆನ್ನಾಗಿರುತ್ತೆ ಅಲ್ವಾ? ಆ ಸೌಂಡಿನ ತೂಕ ಈಗಿನವಕ್ಕೆ ಎಲ್ಲಿ ಬರುತ್ತೆ?"

ಈ ನಂಬಿಕೆ ಎಷ್ಟು ಜನರ ದುಡ್ಡು ತಿಂದಿದೆಯೋ! ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಡ್ಯಾಕ್ ಮಾಡುವುದು ಒಂದೇ ಕೆಲಸ. ಅಂಕಿಗಳನ್ನು ವೋಲ್ಟೇಜ್ ಆಗಿ ಬದಲಾಯಿಸುವುದು. ಅದರ ತಪ್ಪು ಎಂದರೆ ಜೊತೆಗೆ ಬರುವ ಗದ್ದಲ ಮತ್ತು ಅಲೆಯ ಆಕಾರ ಕೆಡುವುದು. ಆ ತಪ್ಪು ಮೂಲ ಸೌಂಡಿಗಿಂತ 95 ಡೆಸಿಬೆಲ್ ಕೆಳಗಿದೆ ಅಂತ ಇಟ್ಟುಕೊಳ್ಳಿ. ಸಿನಿಮಾದವರು ಮಿಕ್ಸ್ ಮಾಡುವ ಮಟ್ಟದಲ್ಲಿ ಒಂದು ಸ್ಪೀಕರಿನ ಅತಿ ಜೋರಿನ ಸದ್ದು 105 ಡೆಸಿಬೆಲ್. ಅದರಿಂದ 95 ಕಳೆದರೆ ಉಳಿಯುವುದು 10. ರಾತ್ರಿ ಹೊತ್ತು ಫ್ಯಾನ್ ಆಫ್ ಮಾಡಿ ಕಿಟಕಿ ಮುಚ್ಚಿದರೂ ನಿಮ್ಮ ರೂಮಿನ ಸದ್ದು 30ರ ಆಸುಪಾಸು ಇರುತ್ತದೆ. ಅಂದಮೇಲೆ ಆ 10 ನಿಮಗೆ ಕೇಳುವುದು ಹೇಗೆ? ಆಪಲ್ ಕಂಪನಿಯ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್ ಇದೆಯಲ್ಲ, ಬೆರಳುದ್ದದ್ದು, ಅದೇ ಈ 95ರ ಗೆರೆ ದಾಟುತ್ತದೆ. ಡ್ಯಾಕ್ ಈಗ ಅಪರೂಪದ ವಸ್ತು ಅಲ್ಲ.

ತೂಕದ ಮಾತಿಗೆ ಬರೋಣ. ರಿಸೀವರ್ ಭಾರ ಇರುವುದು ಒಳಗೆ ಪವರ್ ಆಂಪ್ ಇರುವುದರಿಂದ. ಪ್ರೊಸೆಸರಿನಲ್ಲಿ ಪವರ್ ಆಂಪೇ ಇಲ್ಲ. ಅಲ್ಲಿನ ಭಾರ ದಪ್ಪ ತಗಡಿನದು, ದೊಡ್ಡ ಟ್ರಾನ್ಸ್‌ಫಾರ್ಮರಿನದು. ಒಳ್ಳೆಯ ಕೆಲಸಗಾರಿಕೆ ಅದು, ನನಗೂ ನೋಡಲು ಇಷ್ಟ. ವಾಲ್ಯೂಮ್ ತಿರುಗಿಸಿದರೆ ಕೈಗೆ ಹಿತವಾಗುತ್ತದೆ. ಆದರೆ ಆ ಹಿತ ಸ್ಪೀಕರಿಗೆ ಹೋಗುವುದಿಲ್ಲ.

ನಮ್ಮ ಮನೆಯಲ್ಲೇ ಒಮ್ಮೆ ಇದನ್ನು ಮಾಡಿ ನೋಡಿದ್ದೇವೆ. ಸ್ನೇಹಿತರೊಬ್ಬರು ತಮ್ಮ ಹಳೇ ಪ್ರೊಸೆಸರ್ ತಂದರು. ಪಕ್ಕದಲ್ಲಿ ನನ್ನ ಹೊಸ ರಿಸೀವರ್. ಎರಡಕ್ಕೂ ಅದೇ ಪವರ್ ಆಂಪ್, ಅದೇ ಸ್ಪೀಕರ್. ಮೊದಲ ಸುತ್ತಿನಲ್ಲಿ ಅವರದ್ದೇ ಚೆನ್ನಾಗಿತ್ತು, ನಾನೂ ಒಪ್ಪಿದೆ. ಆಮೇಲೆ ಮೀಟರ್ ಇಟ್ಟು ನೋಡಿದರೆ ಅದು ಒಂದೂವರೆ ಡೆಸಿಬೆಲ್ ಜಾಸ್ತಿ ಓಡುತ್ತಿತ್ತು. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಟೆಸ್ಟ್ ಟೋನ್ ಹಾಕಿ ಎರಡನ್ನೂ 75 ಡೆಸಿಬೆಲ್ಲಿಗೆ ತಂದೆವು. ಯಾವುದು ಓಡುತ್ತಿದೆ ಅಂತ ಹೇಳದೆ ಬದಲಾಯಿಸಿದೆ. ಅವರಿಗೆ ಗುರುತು ಸಿಗಲಿಲ್ಲ. ಆಮೇಲೆ ಅವರು ಬದಲಾಯಿಸಿದರು, ನನಗೂ ಸಿಗಲಿಲ್ಲ. ಕೊನೆಗೆ ಹೊಸದರಲ್ಲಿ ರೂಮ್ ಕರೆಕ್ಷನ್, ಅಂದರೆ ಮೈಕಿನಲ್ಲಿ ರೂಮನ್ನು ಅಳೆದು ಸೌಂಡನ್ನು ಅದಕ್ಕೆ ತಕ್ಕಂತೆ ತಿದ್ದುವ ಸೌಲಭ್ಯ, ಆನ್ ಮಾಡಿದೆ. ಮೃದಂಗದ ಎಡಭಾಗದ ಒಂದು ಪೆಟ್ಟು ಬಿದ್ದ ಕೂಡಲೇ ಅವರು ತಿರುಗಿ ನೋಡಿದರು.

ವ್ಯತ್ಯಾಸ ಇರುವುದು ಅಲ್ಲಿ, ರೂಮಿನಲ್ಲಿ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ರೂಮು ತಗೊಳ್ಳಿ. ಉದ್ದದ ಲೆಕ್ಕದಲ್ಲಿ ಸುಮಾರು 47 ಹರ್ಟ್ಸ್‌ನಲ್ಲಿ ರೂಮು ತಾನೇ ಅನುರಣಿಸುತ್ತದೆ. ಅಗಲದ ಲೆಕ್ಕದಲ್ಲಿ ಸುಮಾರು 57. ಎತ್ತರವೂ 10 ಅಡಿಯೇ, ಹಾಗಾಗಿ ಅಲ್ಲೂ ಅದೇ 57. ಎರಡು ಒಂದರ ಮೇಲೊಂದು ಕೂತವು. ಸುತ್ತ ಸಿಮೆಂಟ್ ಗೋಡೆ, ಕೆಳಗೆ ಟೈಲ್ಸ್, ಸೋಫಾ ಗೋಡೆಗೆ ಅಂಟಿಕೊಂಡಿದೆ. ಆ ಜಾಗದಲ್ಲಿ ಬೇಸ್ 10 ಡೆಸಿಬೆಲ್ ಉಬ್ಬುವುದು ಮಾಮೂಲು. ಎದುರಿಗೆ ಹತ್ತರಷ್ಟು ಉಬ್ಬು ಇರುವಾಗ ಕೇಳಿಸದ ಡ್ಯಾಕ್ ತಪ್ಪಿನ ಹಿಂದೆ ಯಾಕೆ ಓಡಬೇಕು?

ಆ ಉಬ್ಬನ್ನು ತಗ್ಗಿಸುವುದು ರೂಮ್ ಕರೆಕ್ಷನ್. ಹಳೆಯದು ಸೋಲುವುದೂ ಇಲ್ಲೇ. ಇಂಥ ರೂಮ್ ಕರೆಕ್ಷನ್ ಮಾಡುವ ಆಡಿಸ್ಸಿ ಕಂಪನಿಯ ಎಕ್ಸ್‌ಟಿ32 ಬಂದಿದ್ದು 2010ರಲ್ಲಿ. ನಾನು ಹೇಳಿದ 2008ರ ಡೆನಾನ್‌ನಲ್ಲಿರುವುದು ಅದಕ್ಕಿಂತ ಹಿಂದಿನದು. 2022ರ ಡೆನಾನ್ ಎಕ್ಸ್3800ಎಚ್ ಆ ಕಂಪನಿಯ ಅತಿ ದುಬಾರಿ ಮಾಲೇನೂ ಅಲ್ಲ. ಅದರಲ್ಲಿ ಎಕ್ಸ್‌ಟಿ32 ಇದೆ, ನಾಲ್ಕು ಸಬ್‌ವೂಫರಿಗೆ (ಬೇಸಿಗೆಂದೇ ಇರುವ ಸ್ಪೀಕರ್) ಬೇರೆ ಬೇರೆ ಔಟ್ ಇದೆ, ದುಡ್ಡು ಕೊಟ್ಟರೆ ಡಿರಾಕ್ ಲೈವ್ ಎಂಬ ಇನ್ನೊಂದು ರೂಮ್ ಕರೆಕ್ಷನ್ ಕೂಡ ಹಾಕಿಸಿಕೊಳ್ಳಬಹುದು.

ಹಳೇ ಪ್ರೊಸೆಸರ್ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಮಾತ್ರ ಬೇರೆ ಮಾತು. ಸುಮ್ನೆ ಮಾರಬೇಡಿ. ಎರಡು ಎಚ್‌ಡಿಎಂಐ ಔಟ್ ಇರುವ ಬ್ಲೂ-ರೇ ಪ್ಲೇಯರ್ ತಂದು ಒಂದನ್ನು ಟಿವಿಗೆ, ಇನ್ನೊಂದನ್ನು ಪ್ರೊಸೆಸರಿಗೆ ಕೊಡಿ. ಅಟ್ಮಾಸ್ ಬರುವುದಿಲ್ಲ, 7.1 (ಸುತ್ತ ಏಳು ಸ್ಪೀಕರ್, ಒಂದು ಸಬ್‌ವೂಫರ್) ಚೆನ್ನಾಗಿಯೇ ಬರುತ್ತದೆ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಹಳೇ ಹೈ-ಎಂಡ್ ಸಾಮಾನು ತಗೊಳ್ಳಲೇಬೇಕು ಅಂತ ಮನಸ್ಸಿದ್ದರೆ ಪವರ್ ಆಂಪ್ ತಗೊಳ್ಳಿ. ಅದರಲ್ಲಿ ಎಚ್‌ಡಿಎಂಐ ಇಲ್ಲ, ಸಾಫ್ಟ್‌ವೇರ್ ಇಲ್ಲ, ಹಳೆಯದಾಗುವ ಫಾರ್ಮ್ಯಾಟ್ ಇಲ್ಲ. 20 ವರ್ಷದ ಹಿಂದಿನ 200 ವಾಟ್ ಇವತ್ತೂ 200 ವಾಟೇ. ಭಾರಕ್ಕೆ ಬೆಲೆ ಇರುವುದು ಇಲ್ಲಿ. ಹಳೆಯದಾದಂತೆ ಅದರ ಕೆಪಾಸಿಟರ್ ಒಣಗುತ್ತದೆ ನಿಜ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತದೆ, ಮುಚ್ಚಿದ ಟಿವಿ ಯೂನಿಟ್ಟಿನಲ್ಲಿಟ್ಟವು ಬೇಗ ಹೋಗುತ್ತವೆ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಪಾಸಿಟರ್ ಸಿಗುತ್ತದೆ, ಕೈಪಳಗಿದ ಮೆಕ್ಯಾನಿಕ್ ಹಾಕಿ ಕೊಡುತ್ತಾರೆ. 15 ವರ್ಷ ಹಿಂದಿನ ಪ್ರೊಸೆಸರಿನ ಎಚ್‌ಡಿಎಂಐ ಬೋರ್ಡನ್ನು ಎಲ್ಲಿ ಹುಡುಕುತ್ತೀರಿ?

ಹೊಸ ರಿಸೀವರಿನಲ್ಲಿ ಹೊರಗಿನ ಆಂಪಿಗೆಂದೇ ಇರುವ ಪ್ರೀ-ಔಟ್‌ನಿಂದ ಈ ಆಂಪಿಗೆ ವೈರ್ ಎಳೆದರೆ ಆಯಿತು. ಆಂಪಿನ ಗೇನ್, ಅಂದರೆ ಅದು ಸಿಗ್ನಲ್ ಹಿಗ್ಗಿಸುವ ಪ್ರಮಾಣ, 29 ಡೆಸಿಬೆಲ್ ಆಸುಪಾಸು ಇದ್ದರೆ 1 ವೋಲ್ಟಿಗೆ 8 ಓಮ್ ಸ್ಪೀಕರಿಗೆ 100 ವಾಟ್ ಕೊಡುತ್ತದೆ. ಅಷ್ಟು ವೋಲ್ಟೇಜನ್ನು ಈಗಿನ ಒಳ್ಳೆಯ ರಿಸೀವರ್‌ಗಳು ಕಷ್ಟವಿಲ್ಲದೆ ಕೊಡುತ್ತವೆ.

ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಡುತ್ತೇನೆ ಅಂದಿದ್ದರೆ ಮೊದಲು ಆಂಪಿನ ಹಿಂಬದಿಯ ಲೇಬಲ್ ಫೋಟೋ ತರಿಸಿಕೊಳ್ಳಿ. ಕೆಲವು ಆಂಪ್‌ಗಳನ್ನು 230 ವೋಲ್ಟಿಗೆ ಬದಲಾಯಿಸಬಹುದು. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ ಪ್ಲಗ್ಗಿಗೆ ನೇರ ಹಾಕಲೇಬೇಡಿ. ಅದು ಎಳೆಯುವ ಕರೆಂಟಿಗೆ ತಕ್ಕಷ್ಟು ದೊಡ್ಡ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆಯನ್ನೂ ಆಂಪಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.