ಒಂದೇ ಬಟನ್, ಒಂದು 555: ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್

ಪುಶ್ ಬಟನ್‌ಗೆ ನೆನಪು ಅನ್ನೋದೇ ಇಲ್ಲ. ಒತ್ತಿದಾಗ ಕರೆಂಟ್ ಹರಿಯುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಒಮ್ಮೆ ಒತ್ತಿದರೆ ಎಲ್‌ಇಡಿ ಉರಿಯುತ್ತಲೇ ಇರಬೇಕು, ಇನ್ನೊಮ್ಮೆ ಒತ್ತಿದರೆ ಆರಬೇಕು ಅಂದರೆ, ಈಗ ಯಾವ ಸ್ಥಿತಿಯಲ್ಲಿದೆ ಅನ್ನೋದನ್ನು ಸರ್ಕ್ಯೂಟ್ ನೆನಪಿಟ್ಟುಕೊಳ್ಳಬೇಕು. ಇಷ್ಟಕ್ಕೆ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ತಂದು ಕೋಡ್ ಬರೆಯೋದು ಸುಮ್ನೆ ದಂಡ. 555 ಟೈಮರ್ ಸಾಕು. 1971ರಲ್ಲಿ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅವರು ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ ಈ ಎಂಟು ಪಿನ್ನಿನ ಚಿಪ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಹೆಸರಿಗೆ ಟೈಮರ್. ಒಳಗಿರುವುದು ಎರಡು ಕಂಪ್ಯಾರೇಟರ್ (ಎರಡು ವೋಲ್ಟೇಜಲ್ಲಿ ಯಾವುದು ಹೆಚ್ಚು ಅಂತ ನೋಡೋ ಸರ್ಕ್ಯೂಟ್) ಮತ್ತು ಒಂದು ಫ್ಲಿಪ್‌ಫ್ಲಾಪ್ (ಆನ್ ಅಥವಾ ಆಫ್ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳೋ ಸರ್ಕ್ಯೂಟ್). 2ನೇ ಪಿನ್ನಿನ ವೋಲ್ಟೇಜ್ ಸಪ್ಲೈನ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ 3ನೇ ಪಿನ್, ಅಂದರೆ ಔಟ್‌ಪುಟ್, ಆನ್ ಆಗುತ್ತದೆ. 6ನೇ ಪಿನ್ ಮೂರನೇ ಎರಡು ಭಾಗ ದಾಟಿದರೆ ಆಫ್. ನಡುವೆ ಎಲ್ಲೋ ಇದ್ದರೆ? ಚಿಪ್ ಏನೂ ಮಾಡಲ್ಲ, ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ನಮಗೆ ಬೇಕಿದ್ದ ನೆನಪು ಇದೇ ಅಲ್ವಾ?

ಈಗ ಬ್ರೆಡ್‌ಬೋರ್ಡ್, ಅಂದರೆ ಬೆಸುಗೆ ಇಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸೋ ಹಲಗೆ. 9 ವೋಲ್ಟ್ ಬ್ಯಾಟರಿಯ ಪ್ಲಸ್ 8 ಮತ್ತು 4ನೇ ಪಿನ್ನಿಗೆ, ಮೈನಸ್ 1ಕ್ಕೆ. 2 ಮತ್ತು 6ನ್ನು ಸೇರಿಸಿ, ಆ ಜಾಗದಿಂದ ಒಂದು 10 ಕಿಲೋಓಮ್ ರೆಸಿಸ್ಟರ್ ಪ್ಲಸ್‌ಗೆ, ಅಂಥದೇ ಇನ್ನೊಂದು ಮೈನಸ್‌ಗೆ ಹಾಕಿ. ಅಲ್ಲಿ 4.5 ವೋಲ್ಟ್ ನಿಲ್ಲುತ್ತದೆ, ಅಂದರೆ 9ರ ಮೂರನೇ ಒಂದು ಭಾಗವಾದ 3 ವೋಲ್ಟ್ ಮತ್ತು ಮೂರನೇ ಎರಡು ಭಾಗವಾದ 6 ವೋಲ್ಟಿನ ನಡುವೆ. 3ನೇ ಪಿನ್ನಿನಿಂದ 100 ಕಿಲೋಓಮ್ ಮೂಲಕ 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ (ಚಾರ್ಜ್ ಕೂಡಿಟ್ಟುಕೊಳ್ಳೋ ಭಾಗ), ಅದರ ಇನ್ನೊಂದು ಕಾಲು ಮೈನಸ್‌ಗೆ. ರೆಸಿಸ್ಟರ್, ಕೆಪಾಸಿಟರ್ ಸೇರುವ ಜಾಗಕ್ಕೂ 2-6ರ ಜೋಡಿಗೂ ಮಧ್ಯೆ ಬಟನ್. ಎಲ್‌ಇಡಿ 470 ಓಮ್ ರೆಸಿಸ್ಟರ್ ಜೊತೆ 3ನೇ ಪಿನ್ನಿನಿಂದ ಮೈನಸ್‌ಗೆ.

ಔಟ್‌ಪುಟ್ ಆನ್ ಇದ್ದಾಗ ಕೆಪಾಸಿಟರ್ ತುಂಬಿರುತ್ತದೆ. ಬಟನ್ ಒತ್ತಿದ ಕೂಡಲೇ 2-6ರ ಜೋಡಿಯ ವೋಲ್ಟೇಜ್ 6 ವೋಲ್ಟ್ ದಾಟಿ ಔಟ್‌ಪುಟ್ ಆಫ್ ಆಗುತ್ತದೆ. ಆಫ್ ಇದ್ದಾಗ ಕೆಪಾಸಿಟರ್ ಖಾಲಿ, ಒತ್ತಿದರೆ ವೋಲ್ಟೇಜ್ 3 ವೋಲ್ಟಿಗಿಂತ ಕೆಳಗೆ ಕುಸಿದು ಆನ್. ಬಟನ್ನನ್ನು ಒತ್ತಿ ಹಿಡಿದರೂ ಪಟಪಟ ಬದಲಾಗಲ್ಲ, ಯಾಕೆಂದರೆ 10 ಕಿಲೋಓಮಿನ ಜೋಡಿ ಕೆಪಾಸಿಟರನ್ನು ಬೇಗನೆ ನಡುವಿನ ವೋಲ್ಟೇಜಿಗೆ ಎಳೆದು ಕೂರಿಸುತ್ತದೆ, 100 ಕಿಲೋಓಮಿನ ಆಟ ಅದರ ಮುಂದೆ ನಡೆಯಲ್ಲ. ಬಟನ್ನಿನ ಲೋಹ ಕೆಲವು ಮಿಲಿಸೆಕೆಂಡ್ ಅದುರುತ್ತಲ್ಲ, ಅದೂ ಇದೇ ಕಾರಣಕ್ಕೆ ತೊಂದರೆ ಕೊಡಲ್ಲ. ಇಷ್ಟು ಅಗ್ಗದ ಜಾಣತನ ನನಗಂತೂ ಬಹಳ ಇಷ್ಟ.

ಮೊಬೈಲ್ ಚಾರ್ಜರಿನ 5 ವೋಲ್ಟಿಗೆ ಹಾಕೋ ಆಸೆ ಬರುತ್ತದೆ, ಆದರೆ ಹುಷಾರು. ಹಳೇ ಮಾದರಿಯ 555ರ ಔಟ್‌ಪುಟ್ ಸಪ್ಲೈಗಿಂತ ಒಂದೂವರೆ ವೋಲ್ಟಿನಷ್ಟು ಕಡಿಮೆ ಇರುತ್ತದೆ. ಅಂದರೆ ಕೆಪಾಸಿಟರ್ ತುಂಬಿದರೂ ಸಿಗುವುದು ಸುಮಾರು 3.5 ವೋಲ್ಟ್, ದಾಟಬೇಕಿರುವುದು 5ರ ಮೂರನೇ ಎರಡು ಭಾಗ, ಅಂದರೆ 3.33. ಒಮ್ಮೊಮ್ಮೆ ಆಫ್ ಆಗುತ್ತದೆ, ಒಮ್ಮೊಮ್ಮೆ ಇಲ್ಲ. ಅಲ್ಲಿಗೆ ಸೀಮಾಸ್ (CMOS, ಕಮ್ಮಿ ಕರೆಂಟಿನಲ್ಲಿ ನಡೆಯೋ ಚಿಪ್‌ಗಳ ಬಗೆ) ಜಾತಿಯ 7555 ತನ್ನಿ. ಪಿನ್ನುಗಳು ಅವೇ, ಬ್ಯಾಟರಿ ತಿನ್ನೋದೂ ತುಂಬಾ ಕಮ್ಮಿ.