ಚಾರ್ಜ್ ಆಗ್ತೈತ್ರಿ, ಸಿಸ್ಟಂನ್ಯಾಗ ಬರವಲ್ದು

ಬಳ್ಳಾರಿಯ ರಿಪೇರಿ ಅಂಗಡಿಗಳಿಗೆ ಟ್ಯಾಬ್ ಹಿಡಿದು ಬರುವವರು ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ: ಕೇಬಲ್ ಹಚ್ಚಿದರೆ ಟ್ಯಾಬ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣುವುದಿಲ್ಲ. ಜೊತೆಗೆ, ‘ಫಾರ್ಮ್ಯಾಟ್ ಹೊಡೆದುಬಿಡ್ರಿ’ ಎಂದೂ ಅನ್ನುತ್ತಾರೆ. ಫಾರ್ಮ್ಯಾಟ್ ಮಾಡಿದರೆ ಒಳಗಿನ ಫೋಟೊಗಳು ಹೋಗುತ್ತವೆ, ತೊಂದರೆ ಇದ್ದಲ್ಲೇ ಇರುತ್ತದೆ. ಕೈ ಹಾಕುವ ಮೊದಲು ಕಂಪ್ಯೂಟರಿಗೆ ಟ್ಯಾಬಿನ ಸುಳಿವಾದರೂ ಸಿಕ್ಕಿದೆಯೇ ಎಂದು ತಿಳಿದುಕೊಳ್ಳಬೇಕು.

ಅದಕ್ಕೆ ಸ್ಪೀಕರ್ ಆನ್ ಇಟ್ಟು ಕೇಬಲ್ ಹಚ್ಚಿ. ವಿಂಡೋಸ್‌ನಲ್ಲಿ ತಗ್ಗಿನಿಂದ ಏರುವ ಎರಡು ಸ್ವರ ಕೇಳಿಸಿದರೆ ಸಾಧನ ಸಿಕ್ಕಿದೆ ಎಂದರ್ಥ. ಒಂದೇ ಸ್ವರ ಬಡಬಡನೆ ಮರುಕಳಿಸಿದರೆ ಸಾಧನ ಸಿಕ್ಕರೂ ಗುರುತಿಸಲು ಸೋತಿದೆ. ಏನೂ ಸದ್ದಿಲ್ಲ, ಟ್ಯಾಬಿನ ನೋಟಿಫಿಕೇಶನ್ನಿನಲ್ಲೂ ಯುಎಸ್‌ಬಿ ಎಂಬ ಹೆಸರೇ ಇಲ್ಲ ಎಂದರೆ ಸೆಟ್ಟಿಂಗ್ ಕೆದಕಬೇಡಿ. ಡೇಟಾ ತಂತಿಯೇ ಮುಟ್ಟಿಲ್ಲ.

ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನೊಳಗೆ ನಾಲ್ಕು ತಂತಿ ಇರುತ್ತವೆ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾ. ಚಾರ್ಜಿಂಗಿಗೆಂದೇ ಮಾಡಿದ ಅಗ್ಗದ ಕೇಬಲ್ಲಿನಲ್ಲಿ ಬಿಳಿ-ಹಸಿರು ಇರುವುದೇ ಇಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಪ್ಲಗ್ಗಿನಲ್ಲಿ ನಾಲ್ಕು ಪಿನ್ ಕಂಡರೂ ಒಳಗೆ ಎರಡೇ ತಂತಿ ಇರಬಹುದು. ಬೇರೊಂದು ಮೊಬೈಲಿನ ಫೈಲು ಇಳಿಸಿ ನೋಡಿದ ಕೇಬಲ್ಲೇ ನಂಬಿಕೆಯ ಕೇಬಲ್. ಒಂದು ಮೀಟರಿನದು ಸಾಕು. ಮೂರು ಮೀಟರಿನ ತೆಳ್ಳನೆಯ ಕೇಬಲ್ಲಿನಲ್ಲಿ ವೋಲ್ಟೇಜ್ ಇಳಿದು, ಸಿಕ್ಕ ಸಂಪರ್ಕವೂ ನಡುನಡುವೆ ಕಡಿಯುತ್ತದೆ.

ಕೇಬಲ್ ಸರಿಯಿದ್ದರೆ ಮುಂದಿನ ಅನುಮಾನ ಪೋರ್ಟಿನ ಮೇಲೆ. ನಮ್ಮ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜೀನ್ಸ್ ಹೊಲಿಯುವ ಘಟಕದ ಟ್ಯಾಬಿನ ಪೋರ್ಟಿಗೆ ಟಾರ್ಚ್ ಬಿಟ್ಟರೆ ತಳದಲ್ಲಿ ನೀಲಿ ನಾರು ಒತ್ತಿ ಒತ್ತಿ ಚಾಪೆಯಂತೆ ಕೂತಿರುತ್ತದೆ. ಸಂಡೂರಿನ ಕಡೆಯದಾದರೆ ಕೆಂಪು ಅದಿರಿನ ಧೂಳು, ಗಂಗಾವತಿಯ ರೈಸ್‌ಮಿಲ್ಲಿನದಾದರೆ ಹೊಟ್ಟಿನ ಪುಡಿ. ಪ್ರತಿ ಸಲ ಪ್ಲಗ್ ಹಾಕಿದಾಗಲೂ ಅದು ಇನ್ನಷ್ಟು ಒಳಗೆ ದಬ್ಬಿಸಿಕೊಂಡು, ಕೊನೆಗೆ ಪ್ಲಗ್ಗೇ ಪೂರ್ತಿ ಕೂರುವುದಿಲ್ಲ. ಆದರೂ ಚಾರ್ಜ್ ಹೇಗಾಗುತ್ತದೆ? ಕಂಪ್ಯೂಟರಿಗೆ ಹಾಕುವ ಅಗಲ ಪ್ಲಗ್ಗನ್ನೇ ಹತ್ತಿರದಿಂದ ನೋಡಿ. ಅಂಚಿನ ಎರಡು ಪಿನ್ ಉದ್ದ, ನಡುವಿನ ಎರಡು ಸುಮಾರು ಒಂದು ಮಿಲಿಮೀಟರ್ ಗಿಡ್ಡ. ಅಂಚಿನವು ಕರೆಂಟಿನವು, ಮೊದಲು ಅವೇ ಮುಟ್ಟಲಿ ಎಂದು ಹಾಗೆ ಮಾಡಿದ್ದಾರೆ. ಟ್ಯಾಬಿನ ಕಡೆಯ ಸಣ್ಣ ಪ್ಲಗ್ಗಿನಲ್ಲೂ ಕರೆಂಟಿನ ಪಿನ್ನೇ ಮೊದಲು ಮುಟ್ಟುತ್ತದೆ. ಅರ್ಧ ಕೂತ ಪ್ಲಗ್ಗಿನಲ್ಲಿ ಕರೆಂಟ್ ಹರಿದು ಡೇಟಾ ಮುಟ್ಟದಿರುವುದು ಇದರಿಂದಲೇ.

ಟ್ಯಾಬ್ ಆಫ್ ಮಾಡಿ, ಹಲ್ಲುಕಡ್ಡಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದು, ಪೋರ್ಟಿನ ಒಳಗೋಡೆಯ ಬದಿಯಿಂದ ಕೊಳೆಯನ್ನು ಮೆಲ್ಲಗೆ ಎಬ್ಬಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ನಡುವಿನ ನಾಲಿಗೆ ಬಾಗಿದರೆ ಪೋರ್ಟನ್ನೇ ಬದಲಿಸಬೇಕಾಗುತ್ತದೆ. ಬಾಯಿಂದ ಊದುವುದೂ ತಪ್ಪು, ಉಸಿರಿನ ಪಸೆ ಒಳಗೆ ಹೋಗುತ್ತದೆ. ಹೇಗೆ ಹಾಕಿದರೂ ಕೂರುವ ಟೈಪ್-ಸಿ ಪೋರ್ಟ್ ಆದರೆ ಇನ್ನೊಂದು ಪರೀಕ್ಷೆ ಇದೆ. ಪ್ಲಗ್ಗನ್ನು ಮಗುಚಿ ಹಾಕಿ. ಒಂದು ಬದಿಯಲ್ಲಿ ಸಿಕ್ಕು ಇನ್ನೊಂದು ಬದಿಯಲ್ಲಿ ಸಿಗದಿದ್ದರೆ ಟ್ಯಾಬಿನ ಪೋರ್ಟಿನಲ್ಲಿ ಆ ಬದಿಯ ಡೇಟಾ ಪಿನ್ನಿಗೇ ಕೊಳೆ ಅಥವಾ ಪೆಟ್ಟು.

ಡೆಸ್ಕ್‌ಟಾಪ್ ಆದರೆ ಒಂದು ಪೋರ್ಟನ್ನು ಹಲವಾಗಿಸುವ ಹಬ್ ಬಿಟ್ಟು, ಮುಂಭಾಗದ ಪೋರ್ಟೂ ಬಿಟ್ಟು, ಹಿಂಬದಿಯ ಪೋರ್ಟಿಗೆ ನೇರ ಹಚ್ಚಿ. ಅದು ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನದೇ ಪೋರ್ಟ್. ಶಾರ್ಟ್ ಆಗಿ ಪೋರ್ಟ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿದ್ದರೆ ಸಿಸ್ಟಂ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿಹಿಡಿದು ಮತ್ತೆ ಶುರು ಮಾಡಿ.

ಇನ್ನು ಸ್ವರ ಕೇಳಿಸಿತು, ಕಂಪ್ಯೂಟರಿನ ಡ್ರೈವ್‌ಗಳು ಕಾಣುವ ‘ದಿಸ್ ಪಿಸಿ’ಯಲ್ಲಿ ಟ್ಯಾಬಿನ ಹೆಸರೂ ಬಂತು, ತೆರೆದರೆ ಖಾಲಿ. ಇದು ಕೆಟ್ಟಿದ್ದಲ್ಲ. ಆಂಡ್ರಾಯ್ಡ್ 6ರಿಂದ ಈಚೆಗೆ ಟ್ಯಾಬ್ ಮೊದಲು ‘ಚಾರ್ಜಿಂಗ್ ಮಾತ್ರ’ ಸ್ಥಿತಿಯಲ್ಲೇ ಇರುತ್ತದೆ. ಲಾಕ್ ತೆಗೆಯಿರಿ, ಮೇಲಿನಿಂದ ನೋಟಿಫಿಕೇಶನ್ ಪರದೆ ಎಳೆಯಿರಿ, ‘ಯುಎಸ್‌ಬಿ ಮೂಲಕ ಚಾರ್ಜ್’ ಎಂಬ ಸಾಲು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ‘ಅನುಮತಿಸು’ ಎಂದು ಕೇಳಿದರೆ ಒಪ್ಪಿ. ದಿನವೂ ಮಾಡುವ ಕೆಲಸವಾದರೆ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಹುಡುಕಿ ಏಳು ಸಲ ಒತ್ತಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರೊಳಗಿನ ‘ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್’ನಲ್ಲಿ ಫೈಲ್ ಟ್ರಾನ್ಸ್‌ಫರ್ ಇಟ್ಟುಬಿಡಿ. ಅಲ್ಲೇ ಇರುವ, ಕಂಪ್ಯೂಟರಿನಿಂದ ಟ್ಯಾಬಿಗೆ ಆದೇಶ ಕೊಡಲು ಬಿಡುವ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಫೈಲ್ ಇಳಿಸಲು ಅದರ ಅಗತ್ಯವಿಲ್ಲ, ಆಫ್ ಇದ್ದರೇ ಕ್ಷೇಮ. ಐಪ್ಯಾಡ್ ಆದರೆ ಲಾಕ್ ತೆಗೆದು ‘ಟ್ರಸ್ಟ್’ ಒತ್ತಬೇಕು.

ಸೋತ ಸ್ವರ ಬಂದರೆ ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಕೋಡ್ 43 ಎಂದಿದ್ದರೆ ಬಹುತೇಕ ಮತ್ತೆ ಕೇಬಲ್, ಪೋರ್ಟಿನ ಸಂಪರ್ಕದ್ದೇ ತಪ್ಪು. ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್, ಹುಡುಕಿ ಸಂಜೆ ಹಾಳು ಮಾಡಿಕೊಳ್ಳಬೇಡಿ. ಟ್ಯಾಬಿನ ಹೆಸರು ಅಥವಾ ಎಂಟಿಪಿ (ಟ್ಯಾಬಿನ ಫೈಲುಗಳನ್ನು ಕಂಪ್ಯೂಟರಿಗೆ ಕೊಡುವ ವಿಧಾನ) ಎಂಬುದರ ಮೇಲೆ ಹಳದಿ ತ್ರಿಕೋನವಿದ್ದರೆ ಅದು ಡ್ರೈವರ್ ತೊಂದರೆ. ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್, ಪೋರ್ಟಬಲ್ ಡಿವೈಸಸ್, ಸ್ಟ್ಯಾಂಡರ್ಡ್ ಎಂಟಿಪಿ ಡಿವೈಸ್, ಕೊನೆಗೆ ಎಂಟಿಪಿ ಯುಎಸ್‌ಬಿ ಡಿವೈಸ್, ಈ ಕ್ರಮದಲ್ಲಿ ಹೋಗಿ. ಡ್ರೈವರ್ ವಿಂಡೋಸ್ ಒಳಗೇ ಇದೆ, ಇಂಟರ್ನೆಟ್ಟೂ ಬೇಡ. ಪಟ್ಟಿಯಲ್ಲಿ ಎಂಟಿಪಿಯೇ ಕಾಣದಿದ್ದರೆ ಹಾಕಿಸಿದ್ದು ಕತ್ತರಿಸಿ ಹಗುರ ಮಾಡಿದ ‘ಲೈಟ್’ ವಿಂಡೋಸ್ ಇರಬಹುದು. ಅಸಲಿ ವಿಂಡೋಸ್ ಹಾಕಿಸಿಕೊಳ್ಳುವುದೇ ದಾರಿ. ಬ್ಯಾಂಕು, ಸರ್ಕಾರಿ ಕಚೇರಿಗಳ ಸಿಸ್ಟಂಗಳಲ್ಲಿ ಇಂಥ ಸಾಧನಗಳನ್ನು ಬೇಕೆಂದೇ ತಡೆದಿರುತ್ತಾರೆ. ಅಲ್ಲಿ ಸಿಸ್ಟಂ ನೋಡಿಕೊಳ್ಳುವವರನ್ನೇ ಕೇಳಿ.

ಟ್ಯಾಬ್ ಸಿಕ್ಕಿತೆಂದು ವಿಡಿಯೋವನ್ನು ಅಲ್ಲಿಂದಲೇ ತೆರೆಯಬೇಡಿ, ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ನೋಡಿ. ಎಂಟಿಪಿ ಪೆನ್‌ಡ್ರೈವಿನಂತೆ ಡಿಸ್ಕನ್ನೇ ಬಿಟ್ಟುಕೊಡುವುದಿಲ್ಲ, ಟ್ಯಾಬ್ ಬರೆದಿಟ್ಟುಕೊಂಡ ಪಟ್ಟಿಯನ್ನು ತೋರಿಸುತ್ತದೆ. ಈಗಷ್ಟೇ ತೆಗೆದ ಫೋಟೊ ಕಾಣದಿದ್ದರೆ ಅದು ಕಳೆದಿಲ್ಲ, ಪಟ್ಟಿಗೆ ಇನ್ನೂ ಸೇರಿಲ್ಲ. ಕೇಬಲ್ ಬಿಚ್ಚಿ, ಟ್ಯಾಬ್ ರೀಸ್ಟಾರ್ಟ್ ಮಾಡಿ, ಲಾಕ್ ತೆಗೆದು ಮತ್ತೆ ಹಚ್ಚಿ.