ಒಟ್ಟಿಗೆ ಗುಳೆ ಹೊರಡದ ಕಾಡು

ಲಂಡನ್ನಿನ ಟ್ರಫಾಲ್ಗರ್ ಚೌಕದ ನೆಲ ಅಗೆದಾಗ ನೀರಾನೆಯ ಮೂಳೆಗಳು ಸಿಕ್ಕಿವೆ. ಸುಮಾರು 1,25,000 ವರ್ಷಗಳ ಹಿಂದೆ, ಎರಡು ಹಿಮಯುಗಗಳ ನಡುವಿನ ಬೆಚ್ಚನೆಯ ಕಾಲದಲ್ಲಿ ಅವು ಥೇಮ್ಸ್ ದಂಡೆಯಲ್ಲಿ ಮೇಯುತ್ತಿದ್ದವು. ನೀರಾನೆಯ ಕಥೆ ಎಲ್ಲರಿಗೂ ಇಷ್ಟ. ನನಗೆ ಮಾತ್ರ ಅದಕ್ಕಿಂತ ಒಂದು ಸಗಣಿ ಹುಳುವಿನ ಕಥೆಯೇ ದೊಡ್ಡದಾಗಿ ಕಾಣುತ್ತದೆ.

ಅಫೋಡಿಯಸ್ ಹೋಲ್ಡೆರೆರಿ ಎಂಬ ಈ ಪುಟ್ಟ ಜೀರುಂಡೆ ಇಂದು ಇರುವುದು ಟಿಬೆಟ್ಟಿನ ಎತ್ತರದ ಪ್ರಸ್ಥಭೂಮಿಯಲ್ಲಿ. ರಸೆಲ್ ಕೂಪ್ ಎಂಬ ವಿಜ್ಞಾನಿ ಬ್ರಿಟನ್ನಿನ ಹಳೆಯ ಕೆಸರನ್ನು ಜಾಲಿಸಿ ನೋಡಿದಾಗ, ಕಳೆದ ಹಿಮಯುಗದ ಪದರಗಳಲ್ಲಿ ಇದರ ಗಟ್ಟಿ ರೆಕ್ಕೆಗವಚಗಳು ಧಾರಾಳವಾಗಿ ಸಿಕ್ಕವು. ಇಂದಿನ ಹುಳುವಿನ ಕವಚಕ್ಕೂ ಅಂದಿನದಕ್ಕೂ ವ್ಯತ್ಯಾಸವಿಲ್ಲ. ಹವೆ ತಲೆಕೆಳಗಾದರೂ ಅದರ ಮೈಕಟ್ಟು ಹಾಗೇ ಉಳಿದಿದೆ. ಒಗ್ಗುವ ಚಳಿ ಎಲ್ಲಿದೆಯೋ ಅಲ್ಲಿಗೆ ತಲೆಮಾರುಗಳ ಕಾಲ ಸರಿಯುತ್ತಾ ಹೋಗಿದೆ, ಅಷ್ಟೆ.

ಹುಳುವಿಗಾದರೆ ರೆಕ್ಕೆಯಿದೆ. ಬೇರೂರಿದ ಮರ ಏನು ಮಾಡಬೇಕು? 1899ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಕ್ಲೆಮೆಂಟ್ ರೀಡ್ ಇದಕ್ಕೆ ಲೆಕ್ಕ ಹಾಕಿದ. ಹಿಮ ಹಿಂದೆ ಸರಿದ ಮೇಲೆ ದಕ್ಷಿಣದ ಓಕ್ ಮರಗಳು ಸ್ಕಾಟ್ಲೆಂಡಿನ ಉತ್ತರದ ತುದಿಯವರೆಗೆ ಹೋಗಬೇಕಿತ್ತು. ಓಕ್ ಕಾಯಿ ಭಾರವಾದದ್ದು, ಬಿದ್ದರೆ ತಾಯಿಮರದ ಬುಡದಲ್ಲೇ ಬೀಳುತ್ತದೆ. ಅದು ಮೊಳೆತು, ಬೆಳೆದು, ತಾನೂ ಕಾಯಿ ಬಿಡಲು ದಶಕಗಳು ಬೇಕು. ಈ ನಡಿಗೆಗೆ ಹತ್ತು ಲಕ್ಷ ವರ್ಷ ಬೇಕಾದೀತು ಎಂದು ಅವನ ಲೆಕ್ಕ ಹೇಳಿತು. ಮರಗಳಿಗೆ ಸಿಕ್ಕಿದ್ದೋ, ಹತ್ತು ಸಾವಿರ ಚಿಲ್ಲರೆ ವರ್ಷ.

ರೀಡ್‌ಗೆ ಅನುಮಾನ ಬಂದದ್ದು ಹಕ್ಕಿಗಳ ಮೇಲೆ. ಅನುಮಾನ ಸರಿಯಾಗಿಯೇ ಇತ್ತು. ಕಾಗೆಯ ಸಂಬಂಧಿಯಾದ ಯುರೋಪಿನ ಜೇ ಹಕ್ಕಿ ಗಂಟಲಿನಲ್ಲಿ ನಾಲ್ಕಾರು ಕಾಯಿ ತುಂಬಿಕೊಂಡು, ಕೊಕ್ಕಿನಲ್ಲಿ ಮತ್ತೊಂದನ್ನು ಕಚ್ಚಿಕೊಂಡು ಹಾರುತ್ತದೆ, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ. ಒಂದೊಂದನ್ನೂ ಬೇರೆ ಬೇರೆ ಕಡೆ ಮಣ್ಣಿಗೆ ಕುಕ್ಕಿ ತುರುಕಿ, ಮೇಲೆ ತರಗೆಲೆ ಎಳೆದು ಮುಚ್ಚುತ್ತದೆ. ಒಂದೇ ಹಂಗಾಮಿನಲ್ಲಿ ಹೀಗೆ ಸಾವಿರಾರು. ಚಳಿಗಾಲದಲ್ಲಿ ತಿಂದು ಮುಗಿಸಲಾಗದೆ ಉಳಿದವು ಅಲ್ಲೇ ಮೊಳೆಯುತ್ತವೆ. ಜೊತೆಗೆ, ಹಿಮದ ಅಂಚಿಗೆ ಹತ್ತಿರದ ಬೆಚ್ಚನೆಯ ಮೂಲೆಗಳಲ್ಲಿ ಕೆಲವು ಜಾತಿಯ ಮರಗಳ ಸಣ್ಣ ತೋಪುಗಳು ಬದುಕುಳಿದಿದ್ದವು ಎಂದು ಈಚಿನ ಡಿಎನ್‌ಎ ಅಧ್ಯಯನಗಳು ಸೂಚಿಸುತ್ತವೆ. ಅಂಥವು ಕ್ರಮಿಸಬೇಕಾದ ದೂರವೇ ಕಡಿಮೆಯಿತ್ತು.

ಉತ್ತರ ಅಮೆರಿಕದ ಸರೋವರಗಳ ತಳದಲ್ಲಿ ಕುಳಿತ ಪರಾಗವನ್ನು ಎಣಿಸಿ ಪರಿಸರ ವಿಜ್ಞಾನಿ ಮಾರ್ಗರೆಟ್ ಡೇವಿಸ್ ಬರೆದ, ಮರಗಳು ಸಾಗಿಬಂದ ಹಾದಿಯ ನಕಾಶೆಗಳು ಇನ್ನೊಂದು ಭ್ರಮೆಯನ್ನು ಕಳಚಿದವು. ಕಾಡು ಎಂಬುದು ಇಡಿಯಾಗಿ ಸಾಗಿರಲಿಲ್ಲ. ಪ್ರತಿ ಮರವೂ ತನ್ನದೇ ಹಾದಿಯಲ್ಲಿ, ತನ್ನದೇ ವೇಗದಲ್ಲಿ ಬಂದಿತ್ತು. ಕೆಲವೆಡೆ ಚೆಸ್ಟ್‌ನಟ್ ಉಳಿದವಕ್ಕಿಂತ ಸಾವಿರಾರು ವರ್ಷ ತಡವಾಗಿ ತಲುಪಿತ್ತು. ನಾವು ಅನಾದಿಯೆಂದು ಕೈಮುಗಿಯುವ ಕಾಡು ಜಾತ್ರೆಯಲ್ಲಿ ಸೇರಿದ ಜನರ ಹಾಗೆ, ಬೇರೆ ಬೇರೆ ದಿಕ್ಕಿನಿಂದ ಬಂದು ಸದ್ಯಕ್ಕೆ ಒಂದೆಡೆ ನಿಂತಿದೆ.

ಈಗ ಹವೆ ಮತ್ತೆ ಬಿಸಿಯಾಗುತ್ತಿದೆ, ಅದೂ ಅವಸರದಲ್ಲಿ. 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಜೀವಿಗಳು ದಶಕಕ್ಕೆ ಸರಾಸರಿ 17 ಕಿಲೋಮೀಟರಿನಷ್ಟು ಧ್ರುವಗಳ ಕಡೆಗೂ 11 ಮೀಟರಿನಷ್ಟು ಎತ್ತರಕ್ಕೂ ಸರಿಯುತ್ತಿವೆ. ಈ ಸರಾಸರಿಯನ್ನು ಪೂರ್ತಿ ನಂಬಬೇಡಿ. ಅದರೊಳಗೆ ಓಡುವವೂ ಇವೆ, ಕದಲದವೂ ಇವೆ, ನೀರನ್ನು ಹುಡುಕಿ ಕೆಳಗಿಳಿಯುವವೂ ಇವೆ. ಹೂವು ಒಂದು ಕಡೆ, ಅದರ ದುಂಬಿ ಇನ್ನೊಂದು ಕಡೆ ಆಗುವುದು ಹೀಗೆಯೇ.

ಬೆಟ್ಟ ಹತ್ತುವುದು ಸುಲಭದ ಒಳದಾರಿ, ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು. ಆದರೆ ಬೆಟ್ಟಕ್ಕೆ ತುದಿಯಿದೆ. ಪೆರುವಿನ ಪಾಂತಿಯಾಕೊಲ್ಯಾ ಶಿಖರದಲ್ಲಿ 1985ರಲ್ಲಿ ಕಂಡ ತುದಿವಾಸಿ ಹಕ್ಕಿಗಳಲ್ಲಿ ಕೆಲವು 2017ರ ಸಮೀಕ್ಷೆಯಲ್ಲಿ ಕಾಣಿಸಲೇ ಇಲ್ಲ.

ಹಾಗಾದರೆ ನಾವೇ ಹೊತ್ತು ಸಾಗಿಸಬಹುದಲ್ಲ? ಫ್ಲೋರಿಡಾದ ಟೊರೇಯಾ ಎಂಬ ಮರ ಹಿಮಯುಗದಲ್ಲಿ ದಕ್ಷಿಣಕ್ಕೆ ಬಂದು, ಉತ್ತರಕ್ಕೆ ಮರಳಲಾಗದೆ ಒಂದೇ ನದಿಯ ಆಸುಪಾಸಿನಲ್ಲಿ ಸಿಕ್ಕಿಕೊಂಡಿದೆ ಎಂಬ ವಾದವಿದೆ. ಶಿಲೀಂಧ್ರ ರೋಗ ಬಡಿದು ಅಲ್ಲಿಯೂ ಬಹುಪಾಲು ನಾಶವಾಗಿದೆ. 2008ರಲ್ಲಿ ಕೆಲವು ಸ್ವಯಂಸೇವಕರು ಅದರ ಸಸಿಗಳನ್ನು ಒಯ್ದು ಉತ್ತರ ಕೆರೊಲಿನಾದಲ್ಲಿ ನೆಟ್ಟರು. ಅವರ ಆತುರ ನನಗೆ ಅರ್ಥವಾಗುತ್ತದೆ. ವಿರೋಧಿಸಿದ ವಿಜ್ಞಾನಿಗಳ ಆಕ್ಷೇಪವನ್ನೂ ತಳ್ಳಿಹಾಕಲಾರೆ: ಸಸಿಯ ಜೊತೆ ಆ ಶಿಲೀಂಧ್ರವೂ ಪ್ರಯಾಣ ಮಾಡಿದರೆ, ಅಲ್ಲಿನ ಬೇರೆ ಮರಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇಲ್ಲದಿರಬಹುದು.